ಅಪ್ಪನ ನೋಟ್‌ಬುಕ್ಕಿನಿಂದ ಯೂನಿಕೋಡ್‌ವರೆಗೆ: ಹಳೆಯ ಬರಹವನ್ನು ದಾಟಿಸುವುದು ಹೇಗೆ

ನಮ್ಮಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಹಗಲೆಲ್ಲ ಲೆಕ್ಕ, ರಾತ್ರಿ ನಾಟಕ. ಆನಗೋಡು, ಜಗಳೂರು ಕಡೆ ಜಾತ್ರೆ ಹತ್ತಿರ ಬಂತು ಅಂದರೆ ಹಳ್ಳಿ ಹುಡುಗರು ಮನೆಗೆ ಬಂದು ಕೂರುತ್ತಿದ್ದರು. 'ಗುಮಾಸ್ತರೇ, ಈ ಸಲ ಒಂದು ಸಾಮಾಜಿಕ ನಾಟಕ ಬರ್ದುಕೊಡ್ರಿ' ಅನ್ನುತ್ತಿದ್ದರು. ಅಪ್ಪ ಉದ್ದ ನೋಟ್‌ಬುಕ್ಕಿನಲ್ಲಿ ಇಂಕ್ ಪೆನ್ನಿನಿಂದ ಬರೆದು ಕೊಡುತ್ತಿದ್ದರು.

1979ರಲ್ಲಿ ಅವರು ಬರೆದ ಒಂದು ನಾಟಕ ಈಗ ನನ್ನ ಹತ್ತಿರ ನಾಲ್ಕು ರೂಪದಲ್ಲಿದೆ. ಮೊದಲನೆಯದು ಅವರ ಕೈಬರಹ. ಎರಡನೆಯದು 1989ರಲ್ಲಿ ನಾನು ಟೈಪ್ ಮಾಡಿದ 74 ಹಾಳೆ. ಮೂರನೆಯದು 2004ರಲ್ಲಿ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಹೊಡೆದ ಫೈಲು. ನಾಲ್ಕನೆಯದು ಹೋದ ವರ್ಷ ಮುಗಿಸಿದ ಯೂನಿಕೋಡ್ ಪ್ರತಿ, ಅಂದರೆ ಈಗ ಯಾವ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ರೂಪ. ನಾಲ್ಕನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದೆ. ಪ್ರತಿ ಸಲ ದಾಟಿಸಿದಾಗಲೂ ಏನೋ ಒಂದಿಷ್ಟು ಉದುರಿದೆ. ಪೆನ್ನಿನ ತಪ್ಪು ಬೇರೆ, ಟೈಪ್ ಮಿಷನ್ನಿನ ತಪ್ಪು ಬೇರೆ, ಕಂಪ್ಯೂಟರಿನ ತಪ್ಪು ಇನ್ನೂ ಬೇರೆ. ಯಾವುದು ಯಾವ ತಪ್ಪು ಮಾಡುತ್ತದೆ ಅಂತ ಮೊದಲೇ ಗೊತ್ತಿದ್ದರೆ ಉದುರುವುದನ್ನು ಹಿಡಿಯಬಹುದು.

ನಾನು ದಾವಣಗೆರೆ ಕೋರ್ಟಿನ ಹತ್ತಿರ 30 ವರ್ಷಕ್ಕಿಂತ ಜಾಸ್ತಿ ಜಾಬ್ ಟೈಪಿಂಗ್ ಮಾಡಿದವಳು. ಈಗಲೂ ಜನ ಅಜ್ಜನ ಡೈರಿ, ಅತ್ತೆ ಬರೆದಿಟ್ಟ ಹಾಡು, ಹಳೇ ಸಿಡಿಯಲ್ಲಿ ಸಿಕ್ಕ ಫೈಲು ಹಿಡಿದುಕೊಂಡು ಬರುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೋಟ್‌ಬುಕ್ಕು

ಕಂಪ್ಯೂಟರ್ ಆನ್ ಮಾಡುವ ಮುಂಚೆ ನೋಟ್‌ಬುಕ್ಕನ್ನು ಒಂದು ಸಲ ಪೂರ್ತಿ ತಿರುವಿ ನೋಡಿ. ಪಿನ್ನು, ಗುಂಡುಸೂಜಿ ಇದ್ದರೆ ಮೆಲ್ಲಗೆ ತೆಗೆಯಿರಿ. ತುಕ್ಕು ಹಿಡಿದ ಪಿನ್ನು ಹಾಳೆಯನ್ನು ತಿಂದುಬಿಡುತ್ತದೆ. ಹರಿದ ಕಡೆ ಸೆಲ್ಲೋಟೇಪ್ ಹಾಕಬೇಡಿ. ಅದರ ಅಂಟು ಕೆಲವೇ ವರ್ಷಕ್ಕೆ ಕಂದು ಬಣ್ಣಕ್ಕೆ ತಿರುಗಿ ಅಕ್ಷರವನ್ನೂ ಸೇರಿಸಿ ನುಂಗುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಮ್ಮೆ ಮಾಡಿಸಿದರೆ ಹಾಳೆಯನ್ನು ಹೊರಗೆ ತೆಗೆಯುವ ದಾರಿಯೇ ಇಲ್ಲ. ಮೂಲೆಯಲ್ಲಿ ಪೆನ್ಸಿಲ್‌ನಿಂದ ಪುಟದ ನಂಬರ್ ಹಾಕಿ, ಅಷ್ಟು ಸಾಕು.

ಇಂಕ್ ಪೆನ್ನಿನ ಬರಹ ಇದ್ದರೆ ನೀರಿನ ಬಗ್ಗೆ ತುಂಬಾ ಎಚ್ಚರ ಇರಲಿ. ಆಗಿನ ನೀಲಿ ಇಂಕು ಬಟ್ಟೆಯಿಂದ ತೊಳೆದರೆ ಹೋಗುವಂಥದ್ದು. ಹಾಳೆಯ ಮೇಲೂ ಹಾಗೆಯೇ ಹೋಗುತ್ತದೆ. ಬಾಲ್ ಪೆನ್ನಿನ ಶಾಯಿಯಲ್ಲಿ ಎಣ್ಣೆ ಅಂಶ ಇರುವುದರಿಂದ ನೀರಿಗೆ ಅಷ್ಟು ಬೇಗ ಕರಗುವುದಿಲ್ಲ. ಒಂದು ಮಳೆಗಾಲ ನಮ್ಮ ಮನೆಯ ಹಂಚಿನ ಸಂದಿಯಿಂದ ನೀರು ಸೋರಿ ಅಟ್ಟದ ಮೇಲಿದ್ದ ಪೆಟ್ಟಿಗೆಗೆ ಇಳಿಯಿತು. ಅಪ್ಪ ಬಾಲ್ ಪೆನ್ನಿನಲ್ಲಿ ಬರೆದಿದ್ದ ಮಿಲ್ಲಿನ ಲೆಕ್ಕ ಹಾಗೇ ಉಳಿಯಿತು. ಇಂಕಿನಲ್ಲಿ ಬರೆದಿದ್ದ ನಾಟಕದ ಮೂರು ಪುಟ ತಿಳಿ ನೀಲಿ ಮೋಡದ ಹಾಗೆ ಆಯಿತು.

ಆಮೇಲೆ ಫೋಟೊ. ಸ್ಕ್ಯಾನರ್ ಇದ್ದರೆ 300 ಡಿಪಿಐ (ಚಿತ್ರ ಎಷ್ಟು ಸ್ಪಷ್ಟ ಅನ್ನುವ ಅಳತೆ) ಇಟ್ಟುಕೊಳ್ಳಿ. ಇಲ್ಲದಿದ್ದರೆ ಫೋನೇ ಸಾಕು. ಕಿಟಕಿ ಪಕ್ಕ ಬೆಳಗಿನ ಬೆಳಕಿನಲ್ಲಿ ಇಟ್ಟು, ಫ್ಲ್ಯಾಷ್ ಇಲ್ಲದೆ, ಫೋನನ್ನು ಹಾಳೆಗೆ ನೇರವಾಗಿ ಮೇಲಿನಿಂದ ಹಿಡಿದು ತೆಗೆಯಿರಿ. ಹಾಳೆ ತೆಳ್ಳಗಿದ್ದು ಹಿಂಬದಿಯ ಬರಹ ಇತ್ತ ಕಾಣುತ್ತಿದ್ದರೆ ಹಿಂದೆ ಒಂದು ಕಪ್ಪು ಕಾಗದ ಇಡಿ. ಹಿಂದಿನ ಅಕ್ಷರ ಮಸುಕಾಗಿ ಮುಂದಿನದು ಎದ್ದು ಕಾಣುತ್ತದೆ. ಕೆಲಸ ಮುಗಿದ ಮೇಲೆ ಫೋಟೊ ಅಳಿಸಬೇಡಿ. ಮುಂದೆ ಯಾವ ಮಾತಿಗೆ ಅನುಮಾನ ಬಂದರೂ ಸಾಕ್ಷಿ ಅದೇ.

ಕೈಬರಹ ಓದುವಾಗ ಎಡವುವುದು ಸಾಮಾನ್ಯವಾಗಿ ಕೆಲವೇ ಕಡೆ. ದ ಮತ್ತು ಧ, ಥ ಮತ್ತು ಧ, ಪ ಮತ್ತು ಷ, ಮ ಮತ್ತು ವು. ಬರೆದವರು ಧ ಅಕ್ಷರದ ಹೊಟ್ಟೆ ಸೀಳುತ್ತಿದ್ದರೋ ಇಲ್ಲವೋ ಅಂತ ಮೊದಲ ಹತ್ತು ಪುಟದಲ್ಲೇ ಗಮನಿಸಿ. ಅವರದೇ ಅಕ್ಷರಗಳ ಒಂದು ಪಟ್ಟಿ ಮಾಡಿಕೊಳ್ಳಿ. ನಮ್ಮಪ್ಪ ಮಹಾಪ್ರಾಣ ಸೀಳುತ್ತಲೇ ಇರಲಿಲ್ಲ, ಪಕ್ಕದಲ್ಲಿ ಒಂದು ಚುಕ್ಕಿ ಇಡುತ್ತಿದ್ದರು. ಅದು ಗೊತ್ತಾಗುವ ತನಕ ನಾನು ಆ ಚುಕ್ಕಿಯನ್ನು ಇಂಕಿನ ಹನಿ ಅಂದುಕೊಂಡಿದ್ದೆ.

ಟೈಪ್ ಮಾಡಿದ ಹಾಳೆ

ನಾನು ಟೈಪಿಂಗ್ ಕಲಿಯಲು ಸೇರಿದಾಗ ನನಗೆ 19 ವರ್ಷ. ಇಂಗ್ಲಿಷ್ ಮಿಷನ್ ಬೇಗ ಕೈ ಹಿಡಿಯಿತು. ಕನ್ನಡದ್ದು ಹಾಗಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಂದೆ ಕಂಪ್ಯೂಟರಿನಲ್ಲಿ ಆಗುವ ತೊಂದರೆಗೂ ಇಲ್ಲೇ ಬೇರು ಇದೆ.

ಕನ್ನಡದಲ್ಲಿ ವ್ಯಂಜನ 34. ಒಂದೊಂದಕ್ಕೂ ಕಾಗುಣಿತ 15 ಅಂದರೆ 510 ರೂಪ ಆಯಿತು. ಒತ್ತಕ್ಷರ ಬೇರೆ. ಮಿಷನ್ನಿನಲ್ಲಿ ಇರುವುದು ಹೆಚ್ಚುಕಡಿಮೆ 90 ಗುರುತಿಗೆ ಜಾಗ. ಹಾಗಾಗಿ ಅಕ್ಷರವನ್ನು ಒಡೆದು ತುಂಡು ಮಾಡಿಟ್ಟಿದ್ದರು. ಮೈ ಒಂದು ಕಡೆ, ತಲೆಕಟ್ಟು ಒಂದು ಕಡೆ, ಕೊಂಬು, ದೀರ್ಘ, ಒತ್ತು ಎಲ್ಲ ಬಿಡಿ ಬಿಡಿ. ಕೆಲವು ಕೀಲಿ ಒತ್ತಿದರೆ ಅಕ್ಷರ ಬೀಳುತ್ತದೆ, ಆದರೆ ಕ್ಯಾರೇಜ್ ಮುಂದೆ ಸರಿಯುವುದಿಲ್ಲ. ಅದೇ ಜಾಗದಲ್ಲಿ ಇನ್ನೊಂದು ತುಂಡು ಹೊಡೆಯಬೇಕು. ಇಷ್ಟನ್ನೆಲ್ಲ ಆ ಸಣ್ಣ ಮಣೆಯೊಳಗೆ ಹೊಂದಿಸಿ ಕನ್ನಡದ ಬೆರಳಚ್ಚು ಕೀಲಿಮಣೆ ರೂಪಿಸಿಕೊಟ್ಟವರು ಕೆ. ಅನಂತಸುಬ್ಬರಾವ್. ಅಮೆರಿಕದಲ್ಲಿ ಕ್ರಿಸ್ಟೋಫರ್ ಶೋಲ್ಸ್ 1868ರಲ್ಲಿ ಪೇಟೆಂಟ್ ಪಡೆದ ಯಂತ್ರ ರೋಮನ್ ಅಕ್ಷರಕ್ಕೆ ಹುಟ್ಟಿದ್ದು. ಅದನ್ನು ನಮ್ಮ ದುಂಡು ಅಕ್ಷರಕ್ಕೆ ಒಗ್ಗಿಸುವುದು ಸಣ್ಣ ಕೆಲಸ ಅಲ್ಲ. ನನಗೆ ಅನ್ನ ಕೊಟ್ಟ ಕೆಲಸ ಅದು, ಅವರ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಈಗ ನಿಮ್ಮ ಕೈಯಲ್ಲಿರುವ ಟೈಪ್ ಹಾಳೆ ನೋಡಿ. ತಪ್ಪು ಎಲ್ಲಿರುತ್ತದೆ? ಅವಸರದಲ್ಲಿ ಬಿಟ್ಟ ಒತ್ತಿನಲ್ಲಿ, ಸರಿಯಾಗಿ ಬೀಳದ ದೀರ್ಘದಲ್ಲಿ, ಸಾಲಿನ ಕೊನೆಯಲ್ಲಿ. ಸಾಲು ಮುಗಿಯುತ್ತಾ ಬಂದಾಗ ಗಂಟೆ ಟಣ್ ಅನ್ನುತ್ತದೆ. ಆಮೇಲೆ ಕೆಲವೇ ಅಕ್ಷರಕ್ಕೆ ಜಾಗ. ಅಲ್ಲಿ ಮಾತನ್ನು ಒಡೆಯಬೇಕಾಗುತ್ತದೆ, ಇಲ್ಲವೇ ಕೊನೆಯ ಅಕ್ಷರ ಒಂದರ ಮೇಲೊಂದು ಬೀಳುತ್ತದೆ. ಹಾಳೆಯ ಕೊನೆಯ ಸಾಲಿನಲ್ಲೂ ಹಾಗೆಯೇ. ಕಾಗದ ರೋಲರ್ ಹಿಡಿತದಿಂದ ಜಾರಿ ಸಾಲು ಓರೆಯಾಗುತ್ತದೆ. ಈ ಎರಡು ಕಡೆ ಎರಡು ಸಲ ಓದಿ.

ವೈಟ್ನರ್ ಹಚ್ಚಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಕೆಳಗೆ ಮೊದಲು ಏನಿತ್ತು ಅಂತ ಕಾಣುತ್ತದೆ. ಕೆಲವು ಸಲ ಅದೇ ಮುಖ್ಯ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಹೊಸ ಜಿಲ್ಲೆ ಆಯಿತು. ನಮ್ಮ ಬೆರಳಿಗೆ ಆ ಸುದ್ದಿ ಮುಟ್ಟಲು ತಿಂಗಳುಗಟ್ಟಲೆ ಬೇಕಾಯಿತು. ವಿಳಾಸ ಬಂದ ಕೂಡಲೇ ಬೆರಳು ತಾನೇ 'ಚಿತ್ರದುರ್ಗ ಜಿಲ್ಲೆ' ಹೊಡೆಯುತ್ತಿತ್ತು. ಆ ವರ್ಷದ ನಮ್ಮೂರಿನ ಅರ್ಜಿಯ ಹಳೇ ಪ್ರತಿ ನಿಮ್ಮ ಮನೆಯಲ್ಲಿ ಇದ್ದರೆ ಜಿಲ್ಲೆಯ ಹೆಸರಿನ ಮೇಲೆ ಬಿಳಿ ಬಣ್ಣ ಹುಡುಕಿ. ತಾರೀಕು ಹಾಕದ ಕಾಗದದ ವರ್ಷವನ್ನು ನಾನು ಅದರಿಂದಲೇ ಅಂದಾಜು ಮಾಡಿದ್ದೇನೆ.

ಕಾರ್ಬನ್ ಪ್ರತಿ ಮಾತ್ರ ಉಳಿದಿದ್ದರೆ ಕಷ್ಟ ಜಾಸ್ತಿ. ಮೂರನೇ ಕಾರ್ಬನ್ನಿನಲ್ಲಿ ಅಕ್ಷರದ ಹೊಟ್ಟೆ ತುಂಬಿ ಹೋಗಿರುತ್ತದೆ, ದ ಮತ್ತು ಧ ಒಂದೇ ಥರ ಕಾಣುತ್ತವೆ. ಬೆರಳು ಸವರಿದರೂ ಮಸಿ ಹರಡುತ್ತದೆ. ಹಾಳೆಯ ಅಂಚು ಹಿಡಿದು ಮುಟ್ಟಿ.

ಹಳೇ ನುಡಿ ಫೈಲು

ಜನ ನನ್ನ ಹತ್ತಿರ ಜಾಸ್ತಿ ತರುವುದು ಇದನ್ನೇ. 'ಅಕ್ಕಾ, ಫೈಲ್ ಓಪನ್ ಆಗುತ್ತೆ, ಆದರೆ ಏನೇನೋ ಚಿಹ್ನೆ ಕಾಣುತ್ತೆ' ಅಂತ ಬರುತ್ತಾರೆ. ಗಾಬರಿ ಬೇಡ, ಬರಹ ಅಲ್ಲೇ ಇದೆ.

ನಡೆದಿರುವುದು ಇಷ್ಟು. ಆಗಿನ ಫಾಂಟುಗಳು ಟೈಪ್ ಮಿಷನ್ನಿನ ಲೆಕ್ಕವನ್ನೇ ಮುಂದುವರಿಸಿದವು. ಇಂಗ್ಲಿಷ್ ಅಕ್ಷರ ಇರಬೇಕಾದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. 'ಕನ್ನಡ' ಅನ್ನುವ ಮಾತನ್ನೇ ತೆಗೆದುಕೊಳ್ಳಿ. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಹೀಗೆ ಕಾಣುತ್ತದೆ: ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಓರೆ ಗೆರೆ ಇರುವ ಎ, ಪೌಂಡ್ ಗುರುತು, ಮತ್ತೆ ಗೆರೆ ಇರುವ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯು, ಮತ್ತೊಮ್ಮೆ ಗೆರೆ ಇರುವ ಎ. ಒಟ್ಟು ಏಳು ತುಂಡು. ಪಿ ಅಂದರೆ ಕ ಅಕ್ಷರದ ಮೈ. ಗೆರೆ ಇರುವ ಎ ಅಂದರೆ ತಲೆಕಟ್ಟು, ಅದಕ್ಕೇ ಮೂರು ಸಲ ಬಂದಿದೆ. ಪೌಂಡ್ ಗುರುತು ನ ಅಕ್ಷರದ ಮೈ, ಜೋಡಿ ಎಸ್ ನ ಒತ್ತು, ಕ್ಯು ಡ ಅಕ್ಷರದ ಮೈ. ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇಲ್ಲ. ಅದು ಆಕಾರ ಇಟ್ಟುಕೊಂಡಿದೆ, ಅಕ್ಷರ ಇಟ್ಟುಕೊಂಡಿಲ್ಲ.

ಯೂನಿಕೋಡ್ ಅಕ್ಷರವನ್ನೇ ಇಟ್ಟುಕೊಳ್ಳುತ್ತದೆ. ಅದರಲ್ಲಿ ಕನ್ನಡಕ್ಕೆ 128 ಮನೆ ಬಿಟ್ಟಿದ್ದಾರೆ, 1991ರಿಂದಲೇ ಇದೆ. 'ಕನ್ನಡ' ಅನ್ನಲು ಅಲ್ಲಿ ಐದೇ ಸಂಕೇತ: ಕ, ನ, ಅರ್ಧಾಕ್ಷರದ ಗುರುತು, ನ, ಡ. ತಲೆಕಟ್ಟು ಎಲ್ಲಿ ಬರಬೇಕು, ಒತ್ತು ಎಲ್ಲಿ ಕೂರಬೇಕು ಅನ್ನುವುದನ್ನು ಫಾಂಟು ನೋಡಿಕೊಳ್ಳುತ್ತದೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಿಗುವುದು, ಅಕಾರಾದಿಯಾಗಿ ಜೋಡಿಸಲು ಬರುವುದು, ಯಾವ ಫೋನಿನಲ್ಲೂ ಓದಲು ಆಗುವುದು ಇದರಿಂದಲೇ.

ದಾಟಿಸುವ ಕ್ರಮ ಹೀಗಿದೆ. ಮೂಲ ಫೈಲಿನ ಒಂದು ನಕಲು ಮಾಡಿ, ಮೂಲವನ್ನು ಮುಟ್ಟಬೇಡಿ. ಫಾಂಟಿನ ಹೆಸರು ನೋಡಿ, ನುಡಿಯೋ ಬರಹವೋ ಶ್ರೀಲಿಪಿಯೋ ಖಚಿತ ಮಾಡಿಕೊಳ್ಳಿ. ಫಾಂಟು ಬದಲಾದರೆ ತುಂಡುಗಳ ಜಾಗವೂ ಬದಲಾಗಬಹುದು. ಹಳೇ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸಿಕೊಡುವ ತಂತ್ರಾಂಶಕ್ಕೆ ಪರಿವರ್ತಕ ಅನ್ನುತ್ತಾರೆ, ಆಯಾ ಫಾಂಟಿಗೆ ಹೊಂದುವುದನ್ನೇ ಬಳಸಿ. ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಗೇ ಪರಿವರ್ತಕ ಬರುತ್ತದೆ. ವರ್ಡ್‌ನಲ್ಲಿ ಹಳೇ ಫೈಲು ತೆರೆಯುವ ಮುಂಚೆ ತಾನಾಗಿ ತಿದ್ದುವ ಸೌಲಭ್ಯ ಬಂದ್ ಮಾಡಿ. ಅದು ಸಣ್ಣ ಕ್ಯುವನ್ನು ದೊಡ್ಡ ಕ್ಯು ಮಾಡಿತು ಅಂದರೆ, ಡ ಇದ್ದ ಜಾಗದಲ್ಲಿ ಕಿ ಬಂದು ಕೂರುತ್ತದೆ.

ಪರಿವರ್ತನೆ ಮುಗಿದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ, ಅಸಲಿ ಕೆಲಸ ಆಗ ಶುರು. ಮೊದಲು ಅರ್ಕಾವತ್ತು ನೋಡಿ. ಹಳೇ ಫೈಲಿನಲ್ಲಿ ಅರ್ಕಾವತ್ತಿನ ತುಂಡು ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ತರಲು ಮರೆತರೆ 'ಧರ್ಮ' ಹೋಗಿ 'ಧಮರ್' ಆಗುತ್ತದೆ, 'ಕಾರ್ಯಕ್ರಮ' ಹೋಗಿ 'ಕಾಯರ್ಕ್ರಮ' ಆಗುತ್ತದೆ. ನೀವೂ ಎಲ್ಲಾದರೂ ನೋಡಿರುತ್ತೀರಿ, ಅಲ್ವಾ? ಹುಡುಕುವ ಜಾಗದಲ್ಲಿ 'ರ್' ಅಂತ ಕೊಟ್ಟು ಒಂದೊಂದೇ ನೋಡುತ್ತಾ ಹೋಗಿ. 'ಡಾಕ್ಟರ್', 'ಸರ್' ಬರುತ್ತವೆ, ಅವನ್ನು ಬಿಟ್ಟು ಮುಂದೆ ಹೋಗಿ.

ಆಮೇಲೆ ಸೊನ್ನೆ. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಹೊಡೆದ ಫೈಲುಗಳು ಲೆಕ್ಕವಿಲ್ಲದಷ್ಟು ಇವೆ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ಸೊನ್ನೆ ಹಾಕಿದ 'ಅ೦ಗಡಿ' ಹುಡುಕಿದರೆ ಅನುಸ್ವಾರದ 'ಅಂಗಡಿ' ಸಿಗುವುದಿಲ್ಲ. ಸೊನ್ನೆಯನ್ನು ಹುಡುಕಿ, ಅಂಕಿಯ ಮಧ್ಯೆ ಇದ್ದರೆ ಬಿಡಿ, ಅಕ್ಷರದ ಪಕ್ಕ ಇದ್ದರೆ ಬದಲಿಸಿ. ಫೈಲಿನಲ್ಲಿ ನಡುನಡುವೆ ಇಂಗ್ಲಿಷ್ ಇದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿ ಬದಲಾಗಿರುತ್ತದೆ. ಮೂಲ ನೋಡಿ ಕೈಯಾರೆ ಹೊಡೆಯುವುದೊಂದೇ ದಾರಿ.

ಹೊಸದಾಗಿ ಹೊಡೆಯುವುದಾದರೆ

ಅಚ್ಚಾದ ಪುಸ್ತಕದ ಪುಟವಾದರೆ ಫೋಟೊವನ್ನು ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರ ತಾನಾಗಿ ಬರುತ್ತದೆ. ಟೈಪ್ ಹಾಳೆಯ ಮೊದಲ ಪ್ರತಿಯಲ್ಲಿ ಪರವಾಗಿಲ್ಲ ಅನ್ನುವಷ್ಟು ಬಂತು. ನನ್ನ ಮೂರನೇ ಕಾರ್ಬನ್ ಪ್ರತಿಗೆ ಏನೂ ಪ್ರಯೋಜನ ಆಗಲಿಲ್ಲ. ಕೈಬರಹವನ್ನು ಅದಕ್ಕೆ ಕೊಟ್ಟು ತಿದ್ದುವುದಕ್ಕಿಂತ ಸುಮ್ನೆ ಕೂತು ಹೊಡೆಯುವುದೇ ಬೇಗ.

ಕೀಲಿಮಣೆ ಯಾವುದು ಅಂತ ಕೇಳುತ್ತಾರೆ. ಫೋನಿನಲ್ಲಿ ನಿಮಗೆ ರೂಢಿ ಇರುವುದೇ ಇರಲಿ. ಆದರೆ ನೂರಾರು ಪುಟ ಹೊಡೆಯುವುದಿದ್ದರೆ ಕೆ.ಪಿ. ರಾವ್ ಅವರ ವಿನ್ಯಾಸ ಕಲಿಯಿರಿ. ಸರ್ಕಾರ ಒಪ್ಪಿದ್ದು ಅದನ್ನೇ, ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಇರುವುದೂ ಅದೇ. ಇದರಲ್ಲಿ ಆಕಾರ ಹೊಡೆಯುವುದಿಲ್ಲ, ಉಚ್ಚಾರ ಹೊಡೆಯುತ್ತೇವೆ. 'ಕನ್ನಡ'ಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯು. ಐದು ಒತ್ತು. ಯೂನಿಕೋಡಿನ ಐದು ಸಂಕೇತಕ್ಕೆ ಐದು ಬೆರಳು ಸರಿಯಾಗಿ ಕೂರುತ್ತವೆ. ವರ್ಷಗಟ್ಟಲೆ ತಲೆಕಟ್ಟು ಬೇರೆ ಮೈ ಬೇರೆ ಹೊಡೆದ ನನಗೆ ಮೊದಲ ದಿನ ಇದು ಪರದೆಯ ಮೇಲೆ ಮೂಡಿದಾಗ ಕಣ್ಣಲ್ಲಿ ನೀರು ಬಂತು. ದಿನಕ್ಕೆ ಅರ್ಧ ಗಂಟೆ ಅಂದರೆ 15 ದಿನದಲ್ಲಿ ಕೈ ಕೂರುತ್ತದೆ, ನನ್ನ ಹತ್ತಿರ ಕಲಿತವರಿಗೆಲ್ಲ ಅಷ್ಟೇ ಹಿಡಿದದ್ದು.

ಮಾತಾಡಿದರೆ ಬರೆದುಕೊಳ್ಳುವ ಸೌಲಭ್ಯವೂ ಫೋನಿನಲ್ಲಿ ಇದೆ. ವಯಸ್ಸಾದವರಿಗೆ ಒಳ್ಳೆಯದು. ಆದರೆ ನಮ್ಮ ಕಡೆ ಮಾತಿಗೆ ಹುಷಾರು. ನಾನು 'ಹೊಲ್ದಾಗ' ಅಂದರೆ ಅದು ಬೇರೆ ಏನನ್ನೋ ಬರೆಯುತ್ತದೆ.

ಈ 'ಹೊಲ್ದಾಗ' ಬಗ್ಗೆ ಒಂದು ವಿಷಯ ಹೇಳಲೇಬೇಕು. ಅಪ್ಪನ ನಾಟಕದಲ್ಲಿ ಒಬ್ಬ ಬಡ ರೈತ ಸಾಹುಕಾರನಿಗೆ ಹೇಳುತ್ತಾನೆ: 'ಹೊಲ್ದಾಗ ಮಳಿ ಬಿದ್ದಿಲ್ಲ, ಮನ್ಯಾಗ ಒಲಿ ಹತ್ತಿಲ್ಲ.' 1989ರಲ್ಲಿ ನಾನು ಅದನ್ನು 'ಹೊಲದಲ್ಲಿ ಮಳೆ ಬಿದ್ದಿಲ್ಲ, ಮನೆಯಲ್ಲಿ ಒಲೆ ಹತ್ತಿಲ್ಲ' ಅಂತ ಹೊಡೆದಿದ್ದೆ. ಟೈಪಿಂಗ್ ಪರೀಕ್ಷೆಯಲ್ಲಿ ಪಾಸಾಗಿದ್ದೆ, ಶುದ್ಧವಾಗಿ ಇರಬೇಕು ಅಂತ ತಿದ್ದಿಬಿಟ್ಟೆ. ಅಪ್ಪ ಹಾಳೆ ತಿರುವಿ ನೋಡಿ, 'ಚೆನ್ನಾಗೈತೆ ಕಣವ್ವ, ಆದ್ರೆ ಇದು ನಾ ಬರ್ದಂಗಿಲ್ಲ' ಅಂದರು. ಬೈಯಲಿಲ್ಲ. ಆ ಮಾತು ನನಗೆ ಇವತ್ತಿಗೂ ನೋಯುತ್ತದೆ. 2004ರ ನುಡಿ ಫೈಲನ್ನು ಟೈಪ್ ಹಾಳೆ ನೋಡಿ ಹೊಡೆದಿದ್ದರಿಂದ ಅದರಲ್ಲೂ 'ಹೊಲದಲ್ಲಿ' ಅಂತಲೇ ಉಳಿಯಿತು. ಹೋದ ವರ್ಷ ನೋಟ್‌ಬುಕ್ಕು ತೆರೆದಾಗಲೇ ಅಪ್ಪನ ಮಾತು ವಾಪಸ್ ಬಂದದ್ದು.

ಹಾಗಾಗಿ ಎರಡು ವಿಷಯ ನೆನಪಿಡಿ. ದಾಟಿಸುವಾಗ ತಿದ್ದಬೇಡಿ. ಕಾಗುಣಿತ ತಪ್ಪಿದ್ದರೂ ಮೊದಲ ಪ್ರತಿಯಲ್ಲಿ ಇದ್ದ ಹಾಗೆ ಹೊಡೆಯಿರಿ, ತಿದ್ದಿದ್ದು ಬೇಕಿದ್ದರೆ ಬೇರೆ ಫೈಲು ಮಾಡಿ. ಮತ್ತೆ, ಯಾವಾಗಲೂ ಸಿಗುವುದರಲ್ಲಿ ಎಲ್ಲಕ್ಕಿಂತ ಹಳೆಯ ಪ್ರತಿಯನ್ನೇ ಮುಂದಿಟ್ಟುಕೊಳ್ಳಿ.

ತಾಳೆ ನೋಡುವುದು

ಕೋರ್ಟಿನ ಕಾಗದಕ್ಕೆ ನಾವು ತಪ್ಪದೇ ಮಾಡುತ್ತಿದ್ದ ಕೆಲಸ ಇದು. ಒಬ್ಬರು ಮೂಲ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹೊಸ ಪ್ರತಿಯ ಮೇಲೆ ಬೆರಳಿಟ್ಟು ನೋಡಬೇಕು. ಪೂರ್ಣವಿರಾಮ, ಪ್ರಶ್ನೆ ಗುರುತು, ಹೊಸ ಸಾಲು ಎಲ್ಲ ಬಾಯಲ್ಲಿ ಹೇಳಬೇಕು. ಒಬ್ಬರೇ ಕೂತು ನೋಡಿದರೆ ಕಣ್ಣು ತನಗೆ ಗೊತ್ತಿರುವುದನ್ನೇ ಓದಿಕೊಂಡು ಹೋಗುತ್ತದೆ. ನಾನೂ ನನ್ನ ತಮ್ಮನೂ ದಿನಾ ರಾತ್ರಿ ಊಟ ಆದ ಮೇಲೆ ಐದೈದು ಪುಟ ನೋಡಿದೆವು. ಅವನು ಅಪ್ಪನ ಧಾಟಿಯಲ್ಲೇ ಓದುತ್ತಿದ್ದ.

ಕೊನೆಗೆ ಉಳಿಸುವುದು. ನೋಟೊ ಅಥವಾ ತುಂಗಾ ಥರದ ಯಾವ ಯೂನಿಕೋಡ್ ಫಾಂಟಾದರೂ ಆಗುತ್ತದೆ. ವರ್ಡ್ ಫೈಲು ಒಂದು, ಪಿಡಿಎಫ್ ಒಂದು, ಬರೀ ಟೆಕ್ಸ್ಟ್ ಫೈಲು ಒಂದು ಮಾಡಿ. ಮನೆಯ ಕಂಪ್ಯೂಟರಿನಲ್ಲಿ, ಪೆನ್‌ಡ್ರೈವಿನಲ್ಲಿ, ನಿಮ್ಮದೇ ಇಮೇಲಿನಲ್ಲಿ ಇಡಿ. ಇನ್ನೊಂದು ಊರಿನಲ್ಲಿರುವ ನೆಂಟರಿಗೂ ಕಳಿಸಿ. ವರ್ಷಕ್ಕೆ ಒಂದು ಸಲ ತೆರೆದು ನೋಡಿ. ಅಪ್ಪನ ಇನ್ನೊಂದು ನಾಟಕ ಫ್ಲಾಪಿಯಲ್ಲಿ ಇತ್ತು. ಫ್ಲಾಪಿ ಈಗಲೂ ಇದೆ. ಓದಿಸಿದೆ, ಅದರೊಳಗೆ ಏನೂ ಉಳಿದಿಲ್ಲ.

ಓದಲು ಆಗದ ಜಾಗದಲ್ಲಿ ನಿಮ್ಮ ಊಹೆಯನ್ನು ತುಂಬಬೇಡಿ. ಚೌಕ ಆವರಣ ಹಾಕಿ 'ಅಳಿಸಿದೆ' ಅಂತ ಬರೆಯಿರಿ, ಎಷ್ಟು ಸಾಲು ಅಂತಲೂ ಹಾಕಿ. ನೀರು ಬಿದ್ದ ಆ ಮೂರು ಪುಟದಲ್ಲಿ ನಾನು ಹಾಗೆ 11 ಕಡೆ ಹಾಕಿದ್ದೆ. ಟೈಪ್ ಹಾಳೆಯಿಂದ ಒಂಬತ್ತು ತುಂಬಿದವು, 1989ರ ಪ್ರತಿಯಿಂದ ಅಂತ ಗುರುತು ಹಾಕಿದೆ. ಎರಡು ಕಡೆ ಟೈಪ್ ಹಾಳೆಯೂ ಹರಿದಿತ್ತು. ಆಗ ಆ ನಾಟಕದಲ್ಲಿ ರೈತನ ಪಾರ್ಟು ಮಾಡಿದವರ ಮನೆಗೆ ಫೋನ್ ಮಾಡಿದೆ. ಅವರಿಗೆ ಈಗ 70 ದಾಟಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹಿಂದಿನ ಮಾತಿನಿಂದ ಹಿಡಿದು ಆ ಪೂರ್ತಿ ಸಾಲನ್ನು ರಂಗದ ಮೇಲೆ ನಿಂತವರ ಹಾಗೆ ಗಟ್ಟಿಯಾಗಿ ಹೇಳಿದರು. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ: ಈ ಸಾಲು ಕೈಬರಹದಲ್ಲಿ ಉಳಿದಿಲ್ಲ, ಪಾರ್ಟು ಮಾಡಿದವರು ಫೋನಿನಲ್ಲಿ ಹೇಳಿದ್ದು. ಪಕ್ಕದಲ್ಲಿ ತಾರೀಕು ಹಾಕಿದ್ದೇನೆ. ಇನ್ನೊಂದು ಜಾಗ ಅವರಿಗೂ ನೆನಪಾಗಲಿಲ್ಲ. ಅದು ಆವರಣದಲ್ಲೇ ಇದೆ.